ಅರ್ಧ ಕೊಡ ನೀರಿನ ಭಾರ

ಆಸ್ಪತ್ರೆಗಳಲ್ಲಿ ಗಾಲಿಕುರ್ಚಿಗೆಂದು ಕಟ್ಟುವ ಇಳಿಜಾರು 12 ಅಡಿಗೆ 1 ಅಡಿ. ಅಲ್ಲಿ ನಡೆಯುವಾಗ ಇಳಿಯುತ್ತಿದ್ದೇವೆಂದು ಕಾಲಿಗೆ ಗೊತ್ತಾಗುತ್ತದೆ. ಅದೇ 40 ಅಡಿಗೆ 1 ಅಡಿ ಇಳಿದರೆ? ನೆಲ ಮಟ್ಟಸವಾಗಿದೆ ಎಂದೇ ಅಂದುಕೊಳ್ಳುತ್ತೇವೆ. ಅಮೆರಿಕದ ಎಚ್‌ಪಿ-18 ಗ್ಲೈಡರ್ ಗಾಳಿಯಲ್ಲಿ ಜಾರುವುದು ಅಷ್ಟು ಮೆಲ್ಲಗೆ. ವಿನ್ಯಾಸಕಾರನ ಲೆಕ್ಕದಂತೆ, 1 ಕಿ.ಮೀ. ಎತ್ತರದಲ್ಲಿ ಬಿಟ್ಟರೆ ಎಂಜಿನ್ನೇ ಇಲ್ಲದೆ 40 ಕಿ.ಮೀ. ಹೋಗಬೇಕು. ಇದನ್ನು ಜನ ತಮ್ಮ ಶೆಡ್ಡುಗಳಲ್ಲಿ, ಅಲ್ಯೂಮಿನಿಯಂ ತಗಡಿನಿಂದ, ಸ್ವಂತ ಕೈಯಾರೆ ಕಟ್ಟಿಕೊಂಡರು!

ವಿನ್ಯಾಸಕಾರ ರಿಚರ್ಡ್ ಶ್ರೇಡರ್, ಓಹಾಯೊದ ಬ್ರಯನ್ ಊರಿನವರು, ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ಪೈಲಟ್ ಆಗಿದ್ದವರು. ತಮ್ಮದೇ ಎಚ್‌ಪಿ-8ರಲ್ಲಿ ಹಾರಿ 1958 ಮತ್ತು 1960ರಲ್ಲಿ, ಎಚ್‌ಪಿ-14ರಲ್ಲಿ ಹಾರಿ 1966ರಲ್ಲಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್ ಆದರು. ಕಟ್ಟುವುದು, ಹಾರಿಸುವುದು, ತಪ್ಪು ಕಂಡಲ್ಲಿ ಮುಂದಿನದನ್ನು ತಿದ್ದಿ ಕಟ್ಟುವುದು: ಹೀಗೆ 1970ರ ದಶಕದ ನಡುವೆ ಎಚ್‌ಪಿ-18 ಬಂತು.

ಖಾಲಿ ತೂಕ 191 ಕಿಲೋ. ಒಂದು ಬುಲೆಟ್ ಬೈಕ್ ಹೆಚ್ಚುಕಡಿಮೆ ಅಷ್ಟೇ ತೂಗುತ್ತದೆ. ರೆಕ್ಕೆ ತುದಿಯಿಂದ ತುದಿಗೆ 15 ಮೀಟರ್, ಸರಾಸರಿ ಅಗಲ ಬರೀ 71 ಸೆಂಟಿಮೀಟರ್, ಬಚ್ಚಲುಮನೆ ಬಾಗಿಲಿಗಿಂತ ಕಿರಿದು. ಪೈಲಟ್ ಕೂತ ಮೇಲೆ ಒಟ್ಟು 280 ಕಿಲೋ ಎಂದುಕೊಳ್ಳಿ. 40 ಅಡಿಗೆ 1 ಅಡಿ ಜಾರುವ ವಿಮಾನದ ಮೇಲಿನ ಎಳೆತ ಅದರ ತೂಕದ ನಲವತ್ತರಲ್ಲೊಂದು ಪಾಲು. 280ನ್ನು 40ರಿಂದ ಭಾಗಿಸಿ: 7. ಇಡೀ ವಿಮಾನವನ್ನು ಗಾಳಿ ಹಿಂದಕ್ಕೆಳೆಯುವುದು ಅರ್ಧ ಕೊಡ ನೀರಿನ ಭಾರದಷ್ಟು! ಗಂಟೆಗೆ 100 ಕಿ.ಮೀ. ವೇಗದಲ್ಲಿ ಆ ಎಳೆತವನ್ನು ಮೀರಲು ಬೇಕಾದ ಶಕ್ತಿ ಸುಮಾರು 1,900 ವ್ಯಾಟ್. ನಮ್ಮ ಮನೆಯ ಗೀಸರ್ ಅದಕ್ಕಿಂತ ಹೆಚ್ಚು ನುಂಗುತ್ತದೆ. ಈ ಲೆಕ್ಕವನ್ನು ನಾನು ಎಷ್ಟು ಸಲ ಮಾಡಿ ನೋಡಿದರೂ ಬೆರಗು ಇಳಿಯುವುದಿಲ್ಲ.

ಆ 7 ಕಿಲೋ ಸಿಕ್ಕಿದ್ದು ನುಣುಪಿನಿಂದ. ರೆಕ್ಕೆಯ ಮೇಲೆ ಹಾಳೆಯ ದಪ್ಪದಷ್ಟು ಉಬ್ಬುತಗ್ಗಿದ್ದರೂ ಗಾಳಿಯ ಪದರ ಕದಡುತ್ತದೆ. ಫೈಬರ್‌ಗ್ಲಾಸಿನಲ್ಲಿ ನುಣುಪು ಸುಲಭ, ಆದರೆ ಅದಕ್ಕೆ ದೊಡ್ಡ ಅಚ್ಚು ಬೇಕು. ಒಂದೇ ಒಂದು ವಿಮಾನ ಕಟ್ಟುವವನು ಅಚ್ಚಿಗೆ ಎಲ್ಲಿಗೆ ಹೋಗಬೇಕು? ಶ್ರೇಡರ್ ಪಿವಿಸಿ ಫೋಮಿನ ಪಕ್ಕೆಲುಬುಗಳನ್ನು ಒತ್ತೊತ್ತಾಗಿ ಜೋಡಿಸಿ, ಮೇಲೆ ತಗಡನ್ನು ಅಂಟಿನಿಂದ ಕೂರಿಸಿದರು. ಪಕ್ಕೆಲುಬಿನುದ್ದಕ್ಕೂ ರಿವೆಟ್ ಹೊಡೆದು ತಗಡು ಸುಕ್ಕಾಗುವ ಕಾಟ ತಪ್ಪಿತು. ಆಮೇಲೆ ಉಳಿದದ್ದು ಉಜ್ಜುವ ಕೆಲಸ. ಮರಳುಕಾಗದ, ನೀರು, ನೇರಪಟ್ಟಿ. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ. ಅಲ್ಲಿ ತುಂಬಿ, ಮತ್ತೆ ಉಜ್ಜಬೇಕು.

ಇಷ್ಟೆಲ್ಲ ಮಾಡಿದ ಮೇಲೆ ಬರುವ ತೊಂದರೆ ಇಳಿಸುವುದರದು. ಮೈದಾನದಂಚಿನ 15 ಮೀಟರ್ ಎತ್ತರದ ಮರವನ್ನು ದಾಟಿದ ಎಚ್‌ಪಿ-18 ಸುಮ್ಮನೆ ಬಿಟ್ಟರೆ ಇನ್ನೂ 600 ಮೀಟರ್ ತೇಲುತ್ತದೆ. ಅದಕ್ಕೇ ರೆಕ್ಕೆಯ ಹಿಂದಿನ ಫ್ಲ್ಯಾಪುಗಳನ್ನು ಶ್ರೇಡರ್ 90 ಡಿಗ್ರಿ ಕೆಳಕ್ಕೆ ಮಡಿಸುವಂತೆ ಮಾಡಿದರು. ಪೈಲಟ್ ಅವನ್ನು ಇಳಿಬಿಟ್ಟಾಗ, ತಿಂಗಳುಗಟ್ಟಲೆ ಉಜ್ಜಿ ದೂರವಿಟ್ಟಿದ್ದ ಎಳೆತವೆಲ್ಲ ಒಮ್ಮೆಗೇ ಬಂದು ರೆಕ್ಕೆಗೆ ಜೋತುಬೀಳುತ್ತದೆ.