ಹಾಕಿದ ಪಾಯಿಂಟ್ ವಾಪಸ್ ಪಡೆಯಲು ಎಷ್ಟು?

2000ದಲ್ಲಿ ಬಂದ ‘ಡಯಾಬ್ಲೊ 2’ ವಿಡಿಯೊ ಆಟದಲ್ಲಿ ಪಾತ್ರದ ವಿದ್ಯೆಗಳನ್ನು ಬೆಳೆಸುವ ಸ್ಕಿಲ್ ಪಾಯಿಂಟ್ ಒಮ್ಮೆ ಹಾಕಿದರೆ ಮುಗಿಯಿತು. ಮಾಂತ್ರಿಕಳ ಬೆಂಕಿ ವಿದ್ಯೆಗೆ ಕೊಟ್ಟದ್ದನ್ನು ಹಿಮದ ವಿದ್ಯೆಗೆ ತಿರುಗಿಸುವಂತಿರಲಿಲ್ಲ. ಹೀಗಾಗಿ ಪಳಗಿದವರು ಪ್ರಬಲ ವಿದ್ಯೆಗಳು ತೆರೆದುಕೊಳ್ಳುವ 30ನೇ ಲೆವೆಲ್‌ವರೆಗೆ ಪಾಯಿಂಟ್ ಕೂಡಿಟ್ಟುಕೊಂಡೇ ಆಡುತ್ತಿದ್ದರು. 2003ರ 1.10 ಪ್ಯಾಚ್ (ಅಪ್‌ಡೇಟ್) ವಿದ್ಯೆಗಳ ಬಲಾಬಲವನ್ನೇ ಬದಲಿಸಿದಾಗ ಆಸೆಪಟ್ಟು ಬೆಳೆಸಿದ ಎಷ್ಟೋ ಪಾತ್ರಗಳು ಮೂಲೆಗೆ ಬಿದ್ದವು. ಮೊದಲಿಂದ ಶುರು ಮಾಡುವುದೊಂದೇ ದಾರಿ. ಹಾಕಿದ ಪಾಯಿಂಟ್ ಹಿಂಪಡೆಯುವ ‘ರೀಸೆಟ್’ ಅಲ್ಲಿ ಬಂದದ್ದು 2010ರಲ್ಲಿ.

2004ರ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ರೀಸೆಟ್‌ಗೆ ಅವಕಾಶ ಕೊಟ್ಟು ಶುಲ್ಕವನ್ನೂ ಇಟ್ಟಿತು. ಮೊದಲ ಸಲ ಆಟದೊಳಗಿನ 1 ಚಿನ್ನದ ನಾಣ್ಯ, ಆಮೇಲೆ 5, 10. ಹೀಗೆ ಏರಿ 50ಕ್ಕೆ ನಿಲ್ಲುತ್ತಿತ್ತು. ಆಟಗಾರ ಯೋಚಿಸಿ ನಿರ್ಧರಿಸಲಿ ಎಂಬುದು ಇಂಥ ಶುಲ್ಕದ ಪರವಾದ ವಾದ. ಆ ಆಟಕ್ಕೆ ತಿಂಗಳ ಚಂದಾ ಇದ್ದುದರಿಂದ ಕಂಪನಿಯ ಆದಾಯ ರೀಸೆಟ್ ಮೇಲೆ ನಿಂತಿರಲಿಲ್ಲ.

ಚಂದಾ ಇಲ್ಲದ ಆಟಗಳಲ್ಲಿ ಲೆಕ್ಕ ಬೇರೆಯಾಯಿತು. ಕೊರಿಯಾದಲ್ಲಿ 2003ರಲ್ಲಿ ಶುರುವಾದ ‘ಮೇಪಲ್‌ಸ್ಟೋರಿ’ಯನ್ನು ಆಡುವುದು ಉಚಿತ, ನೆಕ್ಸಾನ್ ಕಂಪನಿಗೆ ಹಣ ಬರುತ್ತಿದ್ದುದು ಆಟದೊಳಗಿನ ಅಂಗಡಿಯಿಂದ. ಪ್ರತಿ ಲೆವೆಲ್‌ಗೆ ಪಾತ್ರದ ಗುಣಗಳಿಗೆ ಹಾಕಲು 5 ಪಾಯಿಂಟ್ ಸಿಗುತ್ತಿದ್ದವು. ಕಳ್ಳನ ಪಾತ್ರಕ್ಕೆ ಮುಖ್ಯವಾಗಿ ಬೇಕಾದ್ದು ಅದೃಷ್ಟದ ಗುಣ. ಅದು ತಿಳಿಯದ ಹೊಸಬ ಶಕ್ತಿಗೆ ಪಾಯಿಂಟ್ ಸುರಿದರೆ ಸರಿಪಡಿಸಲು ನಿಜವಾದ ದುಡ್ಡು ಕೊಟ್ಟು ರೀಸೆಟ್ ಕೊಳ್ಳಬೇಕಿತ್ತು. ಒಂದು ರೀಸೆಟ್‌ಗೆ ಒಂದೇ ಪಾಯಿಂಟ್ ಜರುಗುತ್ತಿತ್ತು. 20 ಪಾಯಿಂಟ್ ತಪ್ಪಿದ್ದರೆ 20 ರೀಸೆಟ್!

ಅಲ್ಲಿಗೇ ನಿಲ್ಲಲಿಲ್ಲ. ದೊಡ್ಡ ಬಾಸ್‌ಗಳ ಒಂದೇ ಏಟಿಗೆ ಸಾಯುವ ಪಾತ್ರಗಳಿದ್ದವಲ್ಲ, ಅವುಗಳ ಒಡೆಯರು ಪಾಯಿಂಟನ್ನು ಪ್ರಾಣಬಲಕ್ಕೆ (ಎಚ್‌ಪಿ) ಹಾಕಿ, ಮಂತ್ರಬಲದಿಂದ ರೀಸೆಟ್ ಮೂಲಕ ಹಿಂದೆಗೆದು, ಮತ್ತೆ ಹಾಕುತ್ತ ಪಾತ್ರವನ್ನು ಗಟ್ಟಿ ಮಾಡಿಕೊಂಡರು. ಇದಕ್ಕೆ ‘ಎಚ್‌ಪಿ ವಾಷಿಂಗ್’ ಎಂದೇ ಹೆಸರು ಬಿತ್ತು. ತಪ್ಪು ತಿದ್ದಲು ಬಂದ ವಸ್ತುವಿನಿಂದ ಬಲವನ್ನೇ ಕೊಳ್ಳುವಂತಾಯಿತು.

ಉಚಿತ ಆಟ ಹೀಗೇ ನಡೆಯಬೇಕೆಂದೇನಿಲ್ಲ. ನ್ಯೂಜಿಲೆಂಡಿನ ಗ್ರೈಂಡಿಂಗ್ ಗೇರ್ ಗೇಮ್ಸ್ 2013ರಲ್ಲಿ ಹೊರತಂದ ‘ಪಾತ್ ಆಫ್ ಎಕ್ಸೈಲ್’ನಲ್ಲಿ ಪಾಯಿಂಟ್ ಹಾಕುವ ಕೌಶಲ ವೃಕ್ಷದಲ್ಲಿ 1,300ಕ್ಕೂ ಹೆಚ್ಚು ಗಂಟುಗಳಿವೆ, ದಾರಿ ತಪ್ಪದವರು ಕಡಿಮೆ. ಕಥೆಯ ಕೆಲವು ಸಾಹಸಗಳನ್ನು ಮುಗಿಸಿದರೆ ಪಾಯಿಂಟ್ ಹಿಂಪಡೆಯುವ ಅವಕಾಶ ಸಿಗುತ್ತದೆ. ಅದು ಮುಗಿದ ಮೇಲೆ ‘ಆರ್ಬ್ ಆಫ್ ರಿಗ್ರೆಟ್’ ಎಂಬ ವಸ್ತು ನೆರವಾಗುತ್ತದೆ. ಅದು ರಾಕ್ಷಸರನ್ನು ಕೊಂದಾಗ ಉದುರುತ್ತದೆ, ಇಲ್ಲವೇ ಬೇರೆ ಆಟಗಾರರಿಂದ ವಿನಿಮಯದಲ್ಲಿ ಸಿಗುತ್ತದೆ. ಇಡೀ ವೃಕ್ಷ ಬದಲಿಸುವುದು ಇಲ್ಲೂ ದುಬಾರಿಯೇ, ಆದರೆ ತೆರುವುದು ಆಟದಲ್ಲಿ ದುಡಿದದ್ದನ್ನು. 2024ರ ಡಿಸೆಂಬರ್‌ನಲ್ಲಿ ಇದರ ಎರಡನೇ ಭಾಗ ಆರಂಭಿಕ ಆವೃತ್ತಿಯಾಗಿ ಬಂದಾಗ ರೀಸೆಟ್‌ಗೆ ತಗಲುವ ಚಿನ್ನ ವಿಪರೀತವೆಂದು ಆಟಗಾರರು ದೂರಿದರು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ತಗ್ಗಿಸಿತು.

ನಿರ್ಧಾರಕ್ಕೆ ತೂಕ ಬೇಕೆಂಬ ವಾದ ಆಟದೊಳಗಿನ ಚಿನ್ನಕ್ಕೆ ಒಪ್ಪುತ್ತದೆ, ರೂಪಾಯಿಗೆ ಒಪ್ಪುವುದಿಲ್ಲ. ಹಣವಂತ ಕ್ಷಣದಲ್ಲಿ ತಪ್ಪು ಅಳಿಸುತ್ತಾನೆ, ಪಾಕೆಟ್ ಮನಿಯಲ್ಲಿ ಆಡುವ ಹುಡುಗಿ ಅದನ್ನು ಹೊತ್ತುಕೊಂಡೇ ಆಡಬೇಕು. ಕಂಪನಿಯೇ ಅಪ್‌ಡೇಟ್‌ನಲ್ಲಿ ವಿದ್ಯೆಯ ಬಲ ಕುಗ್ಗಿಸಿದಾಗಲೂ ರೀಸೆಟ್‌ಗೆ ದುಡ್ಡು ಕೇಳುವುದಂತೂ ಅನ್ಯಾಯ. ಹೊಸ ಆಟ ಇಳಿಸಿಕೊಂಡವರು ಮೊದಲ ಪಾಯಿಂಟ್ ಹಾಕುವ ಮುನ್ನ ಅಂಗಡಿಯ ಪುಟ ತೆರೆದು, ರೀಸೆಟ್ ಆಡಿ ಗಳಿಸುವಂಥದ್ದೋ ಕಾರ್ಡ್ ಉಜ್ಜಿ ಕೊಳ್ಳುವಂಥದ್ದೋ ನೋಡಿಕೊಳ್ಳಿ.