ನೀರು ಸೋರಿದರೆ ನೆಲ ಒದ್ದೆ, ಗ್ಯಾಸ್ ಸೋರಿದರೆ?

ಬಿ.ಇ. ಮೂರನೇ ವರ್ಷ, ಅದೂ ಮೆಕ್ಯಾನಿಕಲ್. ಮಿಕ್ಸಿ ಕೆಟ್ಟರೂ ಫ್ಯಾನ್ ಕಿರುಗುಟ್ಟಿದರೂ ಮನೆಯವರು ‘ಎಂಜಿನಿಯರ್ ಸಾಹೇಬ್ರೇ’ ಎಂದು ನನ್ನನ್ನೇ ಕರೆಯುತ್ತಾರೆ. ಆ ಬಿರುದು ತಲೆಗೇರಿದ್ದೇ ತಪ್ಪಾಯಿತು.

ಬೆಂಗಳೂರಿನ ನಮ್ಮ ಮನೆಗೆ ಪೈಪ್ ಗ್ಯಾಸ್ ಇದೆ. ಅಡುಗೆಮನೆ ರಿಪೇರಿಯಾದಾಗ ಒಲೆಯನ್ನು ಎದುರಿನ ಕಟ್ಟೆಗೆ ಸರಿಸಬೇಕಾಯಿತು. ‘ಗ್ಯಾಸ್ ಕಂಪನಿಗೆ ಫೋನ್ ಮಾಡು’ ಎಂದರು ಅಪ್ಪ. ‘ಪೈಪು ಪೈಪೇ ಅಲ್ವಾ ಅಪ್ಪಾ? ಸುಮ್ನೆ ಖರ್ಚು’ ಎಂದು ನಾನು ನಲ್ಲಿ ರಿಪೇರಿ ಮಾಡುವ ಅಣ್ಣನನ್ನು ಕರೆತಂದೆ. ‘ಗ್ಯಾಸ್ ಕೆಲಸ ನಂಗೆ ಬರಲ್ಲ’ ಎಂದು ಅವರು ಹಿಂಜರಿದರೂ ಬಿಡಲಿಲ್ಲ. ಟೇಪ್ ಸುತ್ತಿ, ಪೈಪ್ ಜೋಡಿಸಿ ಹೋದರು. ಒಲೆ ಚೆನ್ನಾಗಿಯೇ ಉರಿಯಿತು. ನಾನು ಬೀಗಿದೆ.

ಮರುದಿನ ಬೆಳಗಿನ ಜಾವ ಅಜ್ಜಿ ದೀಪ ಹಚ್ಚಲು ಎದ್ದರು. ದೇವರ ಗೂಡು ಇರುವುದು ಅಡುಗೆಮನೆಯಲ್ಲೇ. ಕಡ್ಡಿಪೆಟ್ಟಿಗೆ ಕೈಗೆತ್ತಿಕೊಂಡವರು, ‘ಏನೋ ಕೆಟ್ಟ ವಾಸನೆ ಕಣೋ’ ಎಂದು ಕಡ್ಡಿ ಗೀರದೆ ನನ್ನನ್ನು ಎಬ್ಬಿಸಿದರು. ‘ಯಾರೂ ಸ್ವಿಚ್ ಮುಟ್ಟಬೇಡಿ’ ಎಂದು ಕೂಗಿದ ಅಪ್ಪ ಮೀಟರ್ ಬಳಿಯ ವಾಲ್ವ್ ಮುಚ್ಚಿದರು. ಕಿಟಕಿ, ಬಾಗಿಲು ತೆರೆದು ಎಲ್ಲರೂ ಹೊರಗೆ ಬಂದೆವು. ಅಲ್ಲಿಂದಲೇ ಕಂಪನಿಯ ತುರ್ತು ಸಂಖ್ಯೆಗೆ ಕರೆ ಮಾಡಿದೆವು.

ಬಂದ ತಂತ್ರಜ್ಞರು ಜೋಡಣೆಗೆ ಸೋಪಿನ ನೀರು ಹಚ್ಚಿ ಲೈನ್ ತೆರೆದರು. ಗುಳ್ಳೆಗಳು ಎದ್ದವು. ‘ಸೋರುತ್ತಿದ್ದರೂ ಒಲೆ ಉರಿಯುತ್ತೆ. ಉರಿದ ಮಾತ್ರಕ್ಕೆ ಕೆಲಸ ಸರಿಯಾಗಿದೆ ಅಂತಲ್ಲ’ ಎಂದರು. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರಷ್ಟಿದ್ದರೆ ಒಂದು ಕಿಡಿ ಸಾಕು, ಹೊತ್ತಿಕೊಳ್ಳುತ್ತದೆ. ಅದಕ್ಕೆ ಸ್ವಂತ ವಾಸನೆಯಿಲ್ಲ. ಸೋರಿಕೆ ಗೊತ್ತಾಗಲೆಂದೇ ವಾಸನೆಯ ರಾಸಾಯನಿಕ ಬೆರೆಸುತ್ತಾರೆ. ಇವನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವನು ನಾನು!

ಅವರು ಜೋಡಣೆಯನ್ನು ಹೊಸದಾಗಿ ಮಾಡಿ, ಪೈಪಿನೊಳಗೆ ಗಾಳಿ ತುಂಬಿ, ಗೇಜಿನ ಮುಳ್ಳು ಇಳಿಯುತ್ತದೆಯೇ ಎಂದು ಕಾದು ನೋಡಿದರು. ಇಳಿಯಲಿಲ್ಲ. ನಾವು ಹಣ ಕೊಡುವುದು ಆ ಕಾಯುವಿಕೆಗೂ ಹೌದು ಎಂದು ಆಗ ಅರ್ಥವಾಯಿತು.

ನಿಮ್ಮ ಮನೆಯಲ್ಲಿ ಗ್ಯಾಸ್ ಕೆಲಸವಿದ್ದರೆ ಕಂಪನಿಯ ಅಧಿಕೃತ ತಂತ್ರಜ್ಞರನ್ನೇ ಕರೆಯಿರಿ. ಗುರುತಿನ ಚೀಟಿ ನೋಡಿ, ಸೋರಿಕೆ ಪರೀಕ್ಷೆಯನ್ನು ಎದುರಿಗೇ ಮಾಡಿಸಿ, ರಸೀದಿ ಪಡೆಯಿರಿ. ಸಿಲಿಂಡರ್ ಇದ್ದವರು ಏಜೆನ್ಸಿಯ ಮೆಕ್ಯಾನಿಕ್‌ಗೆ ಹೇಳಿ. ಸಿಲಿಂಡರ್ ಗ್ಯಾಸ್ ಸೋರಿದರೆ 1906ಕ್ಕೆ ಕರೆ ಮಾಡಿ.

ನಲ್ಲಿ ಅಣ್ಣನದು ತಪ್ಪಿಲ್ಲ. ಬರಲ್ಲ ಎಂದು ಮೊದಲೇ ಹೇಳಿದ್ದರು. ಹಾಗೆ ಹೇಳುವ ಧೈರ್ಯ ‘ಎಂಜಿನಿಯರ್ ಸಾಹೇಬ’ನಿಗೆ ಇರಲಿಲ್ಲ. ಈಗಲೂ ದೀಪ ಹಚ್ಚುವ ಮುನ್ನ ಅಜ್ಜಿ ಒಮ್ಮೆ ಮೂಸಿ, ನನ್ನತ್ತ ನೋಡುತ್ತಾರೆ. ನಾನು ತಲೆ ತಗ್ಗಿಸುತ್ತೇನೆ.