ವಿದ್ಯುಚ್ಛಕ್ತಿಯ ಮೂಲಗಳೂ ಅವುಗಳ ಬಾಳಿಕೆಯೂ

ಸೂರ್ಯರಶ್ಮಿಯಿಂದ ವಿದ್ಯುಚ್ಛಕ್ತಿಯನ್ನು ಉತ್ಪತ್ತಿಮಾಡುವ ಕಂಪೆನಿಗಳವರು ಬಯಲುಸೀಮೆಯ ಗ್ರಾಮಗಳಿಗೆ ಬಂದು ಖುಷ್ಕಿ ಜಮೀನನ್ನು ಗುತ್ತಿಗೆಗೆ ಕೇಳುವುದು ಈಚೆಗೆ ಸಾಮಾನ್ಯವಾಗಿದೆ. ಕೊಡಬಹುದೇ, ಕೊಡಬಾರದೇ ಎಂದು ಗ್ರಾಮದ ಮುಖಂಡರೂ ಹಿಡುವಳಿದಾರರೂ ಸರ್ಕೀಟಿನ ಕಾಲದಲ್ಲಿ ನಮ್ಮನ್ನು ವಿಚಾರಿಸುವುದುಂಟು. ಉತ್ತರ ಹೇಳುವುದಕ್ಕೆ ಮೊದಲು, ಈ ಶಕ್ತಿಯು ಯಾವ ಯಾವ ವಿಧದಿಂದ ಹುಟ್ಟುತ್ತದೆ, ಪ್ರತಿಯೊಂದು ವಿಧವೂ ಏನನ್ನು ವ್ಯಯಮಾಡುತ್ತದೆ, ವ್ಯಯವಾದದ್ದು ಪುನಃ ತುಂಬಿಬರುವುದೇ ಎಂಬುದನ್ನು ತಿಳಿಯತಕ್ಕದ್ದು. ವರ್ಷದ ಬೆಳೆಯನ್ನು ಉಣ್ಣುವುದಕ್ಕೂ ಕಣಜದಲ್ಲಿಟ್ಟ ಬಿತ್ತನೆಬೀಜವನ್ನು ಉಣ್ಣುವುದಕ್ಕೂ ಇರುವ ಭೇದವು ರೈತನಿಗೆ ಹೊಸದಲ್ಲ. ಲೆಕ್ಕದ ಅನುಕೂಲಕ್ಕಾಗಿ ೫ ಅಶ್ವಶಕ್ತಿಯ ಪಂಪು ೪ ಗಂಟೆ ನಡೆಯಲು ಬೇಕಾಗುವ ಸುಮಾರು ೧೫ ಯೂನಿಟ್ಟುಗಳನ್ನು ಅಳತೆಯಾಗಿ ಇಟ್ಟುಕೊಳ್ಳೋಣ.

ನಮ್ಮ ಸೀಮೆಯಲ್ಲಿ ಮೊದಲು ಬಂದದ್ದು ನೀರಿನ ಶಕ್ತಿ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ನೀರು ಚಕ್ರವನ್ನು ತಿರುಗಿಸಿದ ಮೇಲೂ ನೀರಾಗಿಯೇ ಉಳಿಯುತ್ತದೆ. ಕೆಳಗಿನ ನಾಲೆಗಳಿಗೆ ಅದೇ ನೀರು ಒದಗುವುದು. ಆದರೆ ಬೇಸಗೆಯಲ್ಲಿ ಹೊಳೆ ಬಡವಾಗುವುದರಿಂದ ನೀರನ್ನು ಕೂಡಿಡಬೇಕಾಗುತ್ತದೆ. ಕೃಷ್ಣರಾಜಸಾಗರವನ್ನು ಕಟ್ಟಿದ್ದಕ್ಕೆ ಬೇಸಾಯದೊಡನೆ ಇದೂ ಒಂದು ಕಾರಣವಾಗಿತ್ತು. ಶರಾವತಿಗೆ ಲಿಂಗನಮಕ್ಕಿಯಲ್ಲಿ ೧೯೬೪ರಲ್ಲಿ ಕಟ್ಟೆಯಾದಾಗ ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ಗದ್ದೆ ತೋಟಗಳೊಡನೆ ಅನೇಕ ಗ್ರಾಮಗಳು ಮುಳುಗಿದವು. ದೀಪ ಒಂದು ಕಡೆ ಉರಿಯಿತು, ಅದರ ಬೆಲೆಯನ್ನು ಮತ್ತೊಂದು ಕಡೆಯವರು ತೆತ್ತರು. ಮಳೆ ತಪ್ಪಿದ ವರ್ಷ ಈ ಶಕ್ತಿಯೂ ತಪ್ಪುವುದೆಂಬುದನ್ನು ೨೦೨೩ರ ಕ್ಷಾಮದಲ್ಲಿ ಎಲ್ಲರೂ ಕಂಡಿರುತ್ತಾರೆ.

ಕಲ್ಲಿದ್ದಲು ಮಳೆಯನ್ನು ಕಾಯುವುದಿಲ್ಲ. ರಾಯಚೂರಿನ ಉಷ್ಣವಿದ್ಯುತ್ ಸ್ಥಾವರವು ೧೯೮೫ರಿಂದ ನಡೆಯುತ್ತಿದೆ. ಅದಕ್ಕೆ ಬೇಕಾದ ಇದ್ದಲು ರೈಲಿನ ಮೂಲಕ ಪರಸ್ಥಳದಿಂದಲೇ ಬರತಕ್ಕದ್ದು. ನಮ್ಮ ಅಳತೆಯ ೧೫ ಯೂನಿಟ್ಟುಗಳಿಗೆ ಸುಮಾರು ೧೦ ಕಿಲೋಗ್ರಾಂ ಇದ್ದಲು ಉರಿದು, ಅದರ ಮೂರನೆಯ ಒಂದು ಪಾಲಿನಷ್ಟು ಬೂದಿ ಉಳಿಯುತ್ತದೆ. ಹೊಗೆಯ ಮಾತು ಬೇರೆ. ಇದು ಬಿತ್ತನೆಬೀಜವನ್ನು ಉಣ್ಣುವ ವಿಧ. ಕೈಗಾದ ಪರಮಾಣು ಸ್ಥಾವರದಲ್ಲಿ ಹೊಗೆಯಿಲ್ಲ, ಇಂಧನವೂ ಸ್ವಲ್ಪವೇ ಸಾಕು. ಆದರೆ ಬಳಸಿದ ಇಂಧನವನ್ನು ತಲೆತಲಾಂತರಗಳವರೆಗೆ ಕಾಪಾಡಬೇಕಾಗುವುದು.

ಚಿತ್ರದುರ್ಗ, ಗದಗ ಮೊದಲಾದ ಕಡೆಗಳ ಗಾಳಿಯಂತ್ರಗಳು ಆಷಾಢದಲ್ಲಿ ಚೆನ್ನಾಗಿ ದುಡಿದು, ಗಾಳಿ ಬಿದ್ದ ತಿಂಗಳುಗಳಲ್ಲಿ ಮಂದವಾಗುತ್ತವೆ. ಕಂಬದ ಬುಡವನ್ನೂ ದಾರಿಯನ್ನೂ ಬಿಟ್ಟು ಮಿಕ್ಕ ಜಮೀನಿನಲ್ಲಿ ಬೇಸಾಯ ನಡೆಯುವುದೇ ಇವುಗಳ ದೊಡ್ಡ ಗುಣ.

ಸಗಣಿಯ ಅನಿಲದಿಂದ ಪಂಪು ನಡೆಸಬಹುದೇ ಎಂದು ಕೇಳುವವರೂ ಇದ್ದಾರೆ. ನಡೆಸಬಹುದು, ಆದರೆ ೨೫ ಕಿಲೋಗ್ರಾಂ ಹಸಿ ಸಗಣಿಗೆ ಒಂದು ಘನಮೀಟರ್ ಅನಿಲ, ಅದರಿಂದ ಸುಮಾರು ಒಂದೂವರೆ ಯೂನಿಟ್. ನಮ್ಮ ಅಳತೆಗೆ ದಿನವೂ ೨೫೦ ಕಿಲೋಗ್ರಾಂ ಸಗಣಿ, ಅಂದರೆ ೨೦–೨೫ ದನಗಳ ಕೊಟ್ಟಿಗೆ ಬೇಕು. ಆದಕಾರಣ ನಾಲ್ಕೈದು ದನಗಳುಳ್ಳ ಮನೆಯವರು ಈ ಅನಿಲವನ್ನು ಒಲೆಗೆ ಉಪಯೋಗಿಸುವುದೇ ಲೇಸು. ಅನಿಲ ತೆಗೆದ ಮೇಲೆಯೂ ಬಗ್ಗಡದಲ್ಲಿ ಗೊಬ್ಬರದ ಸಾರ ಉಳಿದಿರುತ್ತದೆ. ಬೆರಣಿ ತಟ್ಟಿ ಸುಟ್ಟರೆ ಹೊಲಕ್ಕೆ ದಕ್ಕುವುದು ಬೂದಿ ಮಾತ್ರ.

ಇನ್ನು ಬಿಸಿಲು. ನಮ್ಮ ಅಳತೆಯ ೧೫ ಯೂನಿಟ್ಟುಗಳನ್ನು ಸುಮಾರು ೪ ಕಿಲೋವಾಟ್ ಫಲಕಗಳು ಒಂದು ದಿನದಲ್ಲಿ ಕೊಡುತ್ತವೆ. ಬಿಸಿಲು ಸವೆಯದು, ಫಲಕವು ಇಪ್ಪತ್ತೈದು ವರ್ಷ ಬಾಳುತ್ತದೆ. ಆದರೆ ಕೊಳವೆಬಾವಿಗೆ ಇದನ್ನು ಜೋಡಿಸುವವರು ಒಂದು ಸಂಗತಿಯನ್ನು ಗಮನಿಸತಕ್ಕದ್ದು. ತಂತಿಯ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆ ಬರುವುದರಿಂದ ನೀರೆತ್ತುವುದಕ್ಕೆ ತಾನಾಗಿ ಒಂದು ಮಿತಿಯಿತ್ತು. ಬಿಸಿಲಿನ ಪಂಪಿಗೆ ಬೆಳಗಿನಿಂದ ಸಂಜೆಯವರೆಗೆ ಖರ್ಚೂ ಇಲ್ಲ, ತಡೆಯೂ ಇಲ್ಲ. ಮೇಲಿನ ಬಿಸಿಲು ನಾಳೆಯೂ ಬರುವುದು. ಕೆಳಗಿನ ನೀರು ಮಳೆ ಇಂಗಿದಷ್ಟೇ. ಹನಿನೀರಾವರಿ, ಬದು, ಕೃಷಿಹೊಂಡ ಇವುಗಳನ್ನು ಮಾಡಿಕೊಳ್ಳದೆ ಬಿಸಿಲಿನ ಪಂಪನ್ನು ಹಾಕಿಸುವುದು ಉಚಿತವಲ್ಲವೆಂದು ನನ್ನ ಅಭಿಪ್ರಾಯ.

ಗುತ್ತಿಗೆಯ ವಿಷಯಕ್ಕೆ ಪಾವಗಡದ ಉದಾಹರಣೆ ಸಾಕು. ಅಲ್ಲಿ ೨೦೧೮–೧೯ರಲ್ಲಿ ಸುಮಾರು ೧೩,೦೦೦ ಎಕರೆಯಲ್ಲಿ ಎರಡು ಸಾವಿರ ಮೆಗಾವಾಟ್ಟಿನ ಸ್ಥಾವರವು ಸಿದ್ಧವಾಯಿತು. ಜಮೀನನ್ನು ಕ್ರಯಕ್ಕೆ ಕೊಳ್ಳದೆ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ೫ರಂತೆ ಏರುವ ಗುತ್ತಿಗೆಗೆ ಪಡೆದರು. ಪದೇ ಪದೇ ಮಳೆ ಕೈಕೊಡುವ ಆ ತಾಲ್ಲೂಕಿನಲ್ಲಿ ಇದು ಅಲ್ಪ ವರಮಾನವಲ್ಲ. ಆದರೂ ಲೆಕ್ಕ ಹಾಕಿ ನೋಡಿ. ೨೪ ವರ್ಷಗಳಲ್ಲಿ ಈ ಗುತ್ತಿಗೆ ಸುಮಾರು ೩೭,೭೦೦ ರೂಪಾಯಿಗೆ ಏರುತ್ತದೆ, ಅಂದರೆ ಎರಡರಷ್ಟೂ ಆಗದು. ಪದಾರ್ಥಗಳ ಬೆಲೆ ವರ್ಷವರ್ಷಕ್ಕೆ ನೂರಕ್ಕೆ ೫ರಂತೆ ಏರಿದರೆ ಅದೇ ಅವಧಿಯಲ್ಲಿ ಮೂರರಷ್ಟಕ್ಕೂ ಮಿಗುವುದು. ಗುತ್ತಿಗೆಯ ಹಣ ಹಿಡುವಳಿದಾರನಿಗೆ ಮಾತ್ರ ಸಲ್ಲುತ್ತದೆ. ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದವನಿಗೂ ಕುರಿ ಮೇಯಿಸುತ್ತಿದ್ದವನಿಗೂ ಅದರಲ್ಲಿ ಪಾಲಿಲ್ಲ. ಊರಿನ ಮುಖಂಡರಾದವರು ಇದನ್ನು ತಮ್ಮ ಮಾತಿನಲ್ಲಿ ಸೇರಿಸಿಕೊಳ್ಳಬೇಕು.

ಹಾಗಾದರೆ ಕೊಡಬಾರದೆಂದು ನಾನು ಹೇಳುವುದಿಲ್ಲ. ಬೀಳುಬಿದ್ದ ಕಲ್ಲುನೆಲವನ್ನು ಧಾರಾಳವಾಗಿ ಕೊಡಬಹುದು. ಕೆರೆಯ ಹಿಂದಿನ ಎರೆಭೂಮಿಯನ್ನು ಕೊಡತಕ್ಕದ್ದಲ್ಲ. ಕರಾರುಪತ್ರವನ್ನು ಕನ್ನಡದಲ್ಲಿ ಓದಿಸಿ ಕೇಳಿರಿ. ಗುತ್ತಿಗೆಯ ಏರಿಕೆ ಎಷ್ಟು, ಅವಧಿ ಮುಗಿದ ಮೇಲೆ ಫಲಕಗಳನ್ನೂ ಕಾಂಕ್ರೀಟನ್ನೂ ಕಿತ್ತು ಸಾಗಿಸುವ ಖರ್ಚು ಯಾರದು, ನೆಲವನ್ನು ಯಾವ ಸ್ಥಿತಿಯಲ್ಲಿ ಹಿಂದಿರುಗಿಸುವರು, ಕಂಪೆನಿಯು ಮಧ್ಯದಲ್ಲಿ ಕೈಬದಲಾದರೆ ಹಣ ಕೊಡುವವರು ಯಾರು, ಇವು ಅದರಲ್ಲಿ ಬರೆದಿವೆಯೇ ಎಂದು ನೋಡಿ, ಬರೆದಿಲ್ಲವಾದರೆ ಬರೆಯಿಸಿದ ಮೇಲೆಯೇ ರುಜು ಹಾಕತಕ್ಕದ್ದು.